ಅಂಗನವಾಡಿ, ಸರ್ಕಾರಿ ಎಲ್‌ಕೆಜಿ, ಕಾನ್ವೆಂಟು: ಮೂರು ತುಂಬಿದ ಮಗುವನ್ನು ಎಲ್ಲಿಗೆ ಸೇರಿಸುವುದು?

ನನ್ನ ದೊಡ್ಡ ಮಗ ಕಾನ್ವೆಂಟಿನಲ್ಲಿ ನರ್ಸರಿ, ಎಲ್‌ಕೆಜಿ ಮುಗಿಸಿದವನು. ಚಿಕ್ಕವಳು ಶಿರಾ ಹತ್ತಿರದ ನಮ್ಮೂರಿನಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು ಎರಡು ವರ್ಷ ಅಂಗನವಾಡಿಗೆ ಹೋದಳು, ಆಮೇಲೆ ಒಂದು ವರ್ಷ ಸರ್ಕಾರಿ ಶಾಲೆಯ ಯುಕೆಜಿಯಲ್ಲಿ ಕೂತಳು. ಹೀಗಾಗಿ ಒಂದೇ ಮನೆಯಲ್ಲಿ ಮೂರೂ ಕಡೆಯ ಅನುಭವ ಆಯಿತು. ನಾನು ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಏಪ್ರಿಲ್ ಬಂತೆಂದರೆ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುವ ಮೊದಲೇ ಪಕ್ಕದ ಲೈನಿನ ಹುಡುಗಿಯರು ಕೇಳುತ್ತಾರೆ: “ಅಕ್ಕಾ, ಪಾಪುಗೆ ಮೂರು ತುಂಬ್ತು, ಎಲ್ಲಿಗೆ ಹಾಕೋಣ?” ಅರ್ಧ ಗಂಟೆಯಲ್ಲಿ ಊಟವೂ ಆಗಬೇಕು, ಮಾತೂ ಮುಗಿಯಬೇಕು. ಅಲ್ಲಿ ಅರ್ಧಕ್ಕೇ ನಿಲ್ಲುವ ಮಾತನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮನೆ ಹತ್ತಿರದ ಅಂಗನವಾಡಿ ದಿನಾ ಬಾಗಿಲು ತೆಗೆಯುತ್ತದೆ, ಒಳಗೆ ಟೀಚರು ಮಕ್ಕಳ ಜೊತೆ ಕೂರುತ್ತಾರೆ ಅಂದರೆ ಮೂರು ತುಂಬಿದ ಮಗುವಿಗೆ ಅದೇ ಸರಿ. ನಾಲ್ಕು ತುಂಬಿದ ಮೇಲೆ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಇದ್ದರೆ ಎರಡನ್ನೂ ಕಣ್ಣಾರೆ ನೋಡಿ ಆರಿಸಿಕೊಳ್ಳಿ. ಸಾಲ ಮಾಡಿ, ಒಡವೆ ಅಡ ಇಟ್ಟು ಕಾನ್ವೆಂಟ್ ನರ್ಸರಿಗೆ ಫೀಸು ಕಟ್ಟಬೇಡಿ. ನಾನು ಕಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ವಯಸ್ಸಿನ ಲೆಕ್ಕ

ಎಲ್ಲಿಗೆ ಅನ್ನುವುದಕ್ಕಿಂತ ಮೊದಲು ಯಾವಾಗ ಅನ್ನುವುದು ಗೊತ್ತಿರಬೇಕು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಆ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. ಹಿಂದಕ್ಕೆ ಎಣಿಸಿದರೆ ಯುಕೆಜಿಗೆ 5, ಎಲ್‌ಕೆಜಿಗೆ 4. ಈ ಆದೇಶ ಹೊರಟಿದ್ದು 2022ರಲ್ಲಿ, ಜಾರಿ 2025-26ಕ್ಕೆ ಮುಂದೆ ಹೋಯಿತು. ಆ ವರ್ಷ ಬಂದಾಗ ಯುಕೆಜಿ ಮುಗಿಸಿಯೂ ಆರು ತುಂಬದ ಮಕ್ಕಳ ಅಪ್ಪ ಅಮ್ಮಂದಿರು ಕಂಗಾಲಾದರು. ಕೊನೆಗೆ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಎಂದು 5 ವರ್ಷ 5 ತಿಂಗಳಿಗೆ ಇಳಿಸಿತು. ಅಂಥ ಸಡಿಲಿಕೆಯನ್ನು ನಂಬಿಕೊಂಡು ಮಗುವನ್ನು ಸೇರಿಸಬಾರದು.

ಒಂದು ಉದಾಹರಣೆ ಕೊಡುತ್ತೇನೆ. ಮಗು ಹುಟ್ಟಿದ್ದು 2022ರ ಸೆಪ್ಟೆಂಬರ್ ಅಂತಿಟ್ಟುಕೊಳ್ಳಿ. 2026ರ ಜೂನ್ 1ಕ್ಕೆ ಅದಕ್ಕೆ ನಾಲ್ಕು ತುಂಬಿರುವುದಿಲ್ಲ. ಎಲ್‌ಕೆಜಿ 2027ಕ್ಕೆ, ಯುಕೆಜಿ 2028ಕ್ಕೆ, ಒಂದನೇ ತರಗತಿ 2029ಕ್ಕೆ. 2026ರಲ್ಲೇ “ನಾವು ಎಲ್‌ಕೆಜಿಗೆ ತಗೋತೀವಿ, ಏನೂ ತೊಂದರೆ ಇಲ್ಲ” ಅಂತ ಯಾವುದಾದರೂ ಶಾಲೆ ಹೇಳಿದರೆ, ಮಗು ಐದನೇ ವಯಸ್ಸಿಗೆ ಯುಕೆಜಿ ಮುಗಿಸಿ ಮತ್ತೆ ಯುಕೆಜಿಯಲ್ಲೇ ಕೂರಬೇಕಾಗುತ್ತದೆ. ಎರಡನೇ ಸಲದ ಫೀಸು ಕಟ್ಟುವವರು ನೀವೇ. ಮೂರರಿಂದ ನಾಲ್ಕರವರೆಗಿನ ಆ ಒಂದು ವರ್ಷ ಅಂಗನವಾಡಿಗೆಂದೇ ಇರುವ ವರ್ಷ.

ಅಂಗನವಾಡಿ ಕೊಡುವುದು ಏನು

ಅಂಗನವಾಡಿ ಅಂದರೆ ಉಪ್ಪಿಟ್ಟು ಕೊಡುವ ಜಾಗ ಅಂತಲೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ: ಈ ಆರೂ ಅದರ ಕೆಲಸವೇ. ಊಟ ಆರರಲ್ಲಿ ಒಂದು.

ಇದು ಯಾರ ದಯೆಯೂ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯ ಆಹಾರ ಹಕ್ಕು. ಆದಾಯ ಪ್ರಮಾಣಪತ್ರ ಬೇಕಿಲ್ಲ, ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಅಂತಲೂ ಇಲ್ಲ. ಬಡತನದ ಕಾರ್ಡು ನೋಡಿ ಆಹಾರ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. 2006ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಟ್ಟಿಯವರು, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು. ಬೆಂಗಳೂರಿನ ಶೀಟ್ ಮನೆಗಳ ಸಾಲಿನಲ್ಲಿ ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ನಾಲ್ಕು ಜನ ಅಮ್ಮಂದಿರು ಮಕ್ಕಳ ಹೆಸರು ಬರೆದು ಸಿಡಿಪಿಒ (ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಅಧಿಕಾರಿ) ಕಚೇರಿಗೆ ಅರ್ಜಿ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಊಟದ ವಿಷಯಕ್ಕೆ ಬರೋಣ. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು 2013ರಲ್ಲಿದ್ದ ಕೇಂದ್ರದ ಲೆಕ್ಕ. ತೀವ್ರ ಅಪೌಷ್ಟಿಕತೆಯ ಮಗುವಿಗೆ 800 ಕ್ಯಾಲೊರಿ. ನಮ್ಮ ರಾಜ್ಯದಲ್ಲಿ ಇದರ ಜೊತೆಗೆ 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ವಾರಕ್ಕೆ ಎರಡು ಮೊಟ್ಟೆ. ಕೂಲಿಗೆ ಹೋಗುವ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಮುದ್ದೆ ಮಾಡಿಟ್ಟು ಹೊರಟರೆ ಮಗುವಿಗೆ ಮತ್ತೆ ಬಿಸಿ ಅನ್ನ ಕಾಣುವುದು ಸಂಜೆಗೇ. ಅಂಥ ಮನೆಗೆ ಮಧ್ಯಾಹ್ನದ ಈ ಒಂದು ಊಟದ ಬೆಲೆ ಎಷ್ಟು ಅಂತ ನನಗೆ ಗೊತ್ತು.

ಕಾನ್ವೆಂಟಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದ ಇನ್ನೊಂದು ಇಲ್ಲಿದೆ: ತೂಕ ನೋಡುವುದು. ನನ್ನ ಮಗಳು ಸೇರಿದ ಎರಡನೇ ತಿಂಗಳು ಟೀಚರು ಅವಳ ಎಡಗೈ ರಟ್ಟೆಗೆ ಒಂದು ಬಣ್ಣದ ಪಟ್ಟಿ ಸುತ್ತಿದರು. ಹಸಿರು, ಹಳದಿ, ಕೆಂಪು. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ಇವಳದು ಹಳದಿಗೆ ತಾಗಿಕೊಂಡಿತ್ತು. ಮನೆಯಲ್ಲಿ ನಮಗೆ ಯಾರಿಗೂ ತಿಳಿದಿರಲಿಲ್ಲ. “ಸಣ್ಣ ಮೈಕಟ್ಟು, ಅವರಪ್ಪನ ಥರ” ಅಂತ ಅಂದುಕೊಂಡು ಸುಮ್ಮನಿದ್ದೆವು. ಟೀಚರು ನಮ್ಮ ಅತ್ತೆಯನ್ನು ಕರೆಸಿ, ದಿನಾ ಊಟ ಆದ ಮೇಲೆ ಇನ್ನೊಂದು ತುತ್ತು ಕಡಲೆಬೀಜದ ಪುಡಿ, ತುಪ್ಪ ಕಲಸಿ ತಿನ್ನಿಸಿ ಎಂದರು. ಆರು ತಿಂಗಳಿಗೆ ಪಟ್ಟಿ ಹಸಿರಿಗೆ ಬಂತು. ಕೆಂಪು ಬಂದ ಮಕ್ಕಳನ್ನು ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ. ಮಕ್ಕಳ ಕಣ್ಣು, ಕಿವಿ, ಹೃದಯ ನೋಡುವ ವೈದ್ಯರ ತಂಡವೂ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಶಾಲೆಗೆ ಆ ತಂಡ ಬರುವುದು ವರ್ಷಕ್ಕೆ ಒಂದೇ ಸಲ.

ಇನ್ನು ಕಲಿಕೆ. ನಮ್ಮ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಪಠ್ಯಕ್ರಮ ಇದೆ. ಕತೆ, ಹಾಡು, ಆಟ, ಬಣ್ಣ, ಆಕಾರ, ನಮ್ಮ ಮನೆ, ನಮ್ಮ ಪ್ರಾಣಿ, ನಮ್ಮ ತರಕಾರಿ ಹೀಗೆ ಸಾಗುತ್ತದೆ. ಒಂದು ಸಲ ರಜೆಗೆ ಊರಿಗೆ ಹೋದಾಗ ಮಗಳನ್ನು ಬಿಡಲು ಹೋದವಳು ಅಲ್ಲೇ ಗೋಡೆಗೆ ಒರಗಿ ಕೂತೆ. ಟೀಚರು ಚಾಪೆಯ ಮೇಲೆ ಒಂದು ಬೊಗಸೆ ಹುಣಸೆ ಬೀಜ ಸುರಿದರು. ಹದಿನಾಲ್ಕು ಮಕ್ಕಳು ಸುತ್ತ ಕೂತಿದ್ದವು. ಒಬ್ಬೊಬ್ಬರೂ ತಮ್ಮ ಮುಂದೆ ಐದೈದು ಬೀಜ ಜೋಡಿಸಿಕೊಳ್ಳಬೇಕು. ಒಬ್ಬ ಹುಡುಗ ಏಳು ಎತ್ತಿಕೊಂಡಿದ್ದ. ಟೀಚರು ತಪ್ಪು ಅನ್ನಲಿಲ್ಲ. “ಪಕ್ಕದವಳ ಹತ್ರ ಎಷ್ಟಿದೆ ನೋಡಪ್ಪ, ನಿಂದು ಅವಳಷ್ಟೇ ಆಗ್ಬೇಕು ಅಂದ್ರೆ ಏನ್ಮಾಡ್ತೀಯ?” ಅಂದರು. ಅವನು ಅವಳ ಬೀಜ ಎಣಿಸಿದ, ತನ್ನದು ಎಣಿಸಿದ, ಎರಡು ತೆಗೆದು ಚಾಪೆ ಮಧ್ಯಕ್ಕೆ ತಳ್ಳಿದ. ಕಳೆಯುವ ಲೆಕ್ಕ ಅದು. ಅವನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಅದೇ ವಯಸ್ಸಿನಲ್ಲಿ ನನ್ನ ಮಗ ಕಾನ್ವೆಂಟಿನಲ್ಲಿ ನೂರರವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದ. ಆರು ಬಿಸ್ಕತ್ತಿನಲ್ಲಿ ಎರಡು ತಂಗಿಗೆ ಕೊಡು ಅಂದರೆ ನನ್ನ ಮುಖ ನೋಡುತ್ತಿದ್ದ.

ಎಲ್ಲ ಅಂಗನವಾಡಿಯೂ ಹೀಗೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ್ದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿತ್ತು. ಅಕ್ಕಿ ಮೂಟೆ, ಗ್ಯಾಸ್ ಒಲೆ, ಮಕ್ಕಳು ಎಲ್ಲ ಅಲ್ಲೇ. ಟೀಚರಿಗೆ ಕೂತುಕೊಳ್ಳುವುದಕ್ಕೇ ಪುರುಸೊತ್ತಿರಲಿಲ್ಲ. ಒಂದು ದಿನ ಸರ್ವೆ, ಒಂದು ದಿನ ಮತದಾರರ ಪಟ್ಟಿ, ಒಂದು ದಿನ ಮೀಟಿಂಗು, ಉಳಿದ ಹೊತ್ತು ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ಫೋಟೊ ಹಾಕುವುದು. ಆ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಅವರ ತಲೆ ಮೇಲೆ ಇಷ್ಟೆಲ್ಲ ಹೊರಿಸಿದವರ ಮೇಲಿದೆ. ತಮಿಳುನಾಡಿನಲ್ಲಿ 640 ಅಂಗನವಾಡಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಅದರಲ್ಲಿ ಕೆಲವು ಕೇಂದ್ರಗಳಿಗೆ ಪಾಠಕ್ಕೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಮಕ್ಕಳಿಗೆ ಪಾಠದ ಹೊತ್ತು ದುಪ್ಪಟ್ಟಾಯಿತು, ಲೆಕ್ಕ ಮತ್ತು ಭಾಷೆಯ ಕಲಿಕೆ ಸುಧಾರಿಸಿತು, ಕುಳ್ಳಾಗಿ ಉಳಿಯುವ ಮಕ್ಕಳ ಪ್ರಮಾಣವೂ ಇಳಿಯಿತು. ಹಾಗಾಗಿ ಅಂಗನವಾಡಿ ನೋಡಲು ಹೋದಾಗ ಗೋಡೆಯ ಚಿತ್ರ ನೋಡಿ ಬರಬೇಡಿ. ಟೀಚರಿಗೆ ಮಕ್ಕಳ ಜೊತೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದನ್ನು ನೋಡಿ.

ಬೆಂಗಳೂರಿನವರಿಗೆ ಇನ್ನೊಂದು ಸಂಗತಿ: 2024ರಲ್ಲಿ ಇಲ್ಲಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂದು ಮಾಡಿ ಎಲ್‌ಕೆಜಿ, ಯುಕೆಜಿ ಶುರು ಮಾಡಿದರು. ನಿಮ್ಮ ವಾರ್ಡಿನದು ಆ ಪಟ್ಟಿಯಲ್ಲಿದೆಯಾ ಅಂತ ಅಂಗನವಾಡಿಯಲ್ಲೇ ಕೇಳಿ.

ಸರ್ಕಾರಿ ಶಾಲೆಯ ಎಲ್‌ಕೆಜಿ, ಯುಕೆಜಿ

2018-19ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದ ಮೇಲೆ ಸರ್ಕಾರಿ ಶಾಲೆಯ ಆವರಣದಲ್ಲೇ ಎಲ್‌ಕೆಜಿ ಎಂಬುದು ಬಂತು. ಆಮೇಲೆ ಬೇರೆ ಸರ್ಕಾರಿ ಶಾಲೆಗಳಿಗೂ ಹಬ್ಬಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 2024-25ರಲ್ಲಿ ಒಂದೇ ಸಲಕ್ಕೆ ಸಾವಿರದಷ್ಟು ಶಾಲೆಗಳಲ್ಲಿ ತೆರೆದರು. ಇದರಿಂದ ನಮ್ಮ ಕೇಂದ್ರಗಳಲ್ಲಿ ಮಕ್ಕಳು ಖಾಲಿಯಾಗುತ್ತಾರೆ ಎಂದು ಅಂಗನವಾಡಿ ಕಾರ್ಯಕರ್ತೆಯರು ಅದೇ ಜೂನ್‌ನಲ್ಲಿ ಬೀದಿಗಿಳಿದರು. ಅವರ ಆತಂಕ ನ್ಯಾಯವಾದದ್ದೇ. ನಾಲ್ಕು ವರ್ಷದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಪಾಠ ಮಾಡಲು ಯಾರು ಉಳಿದರು? ಆದರೆ ತಾಯಿಯಾಗಿ ನಾನು ನೋಡಬೇಕಾದ್ದು ನನ್ನ ಮಗುವಿನ ಒಂದು ದಿನವನ್ನು.

ಇಲ್ಲಿನ ದೊಡ್ಡ ಅನುಕೂಲ, ಟೀಚರಿಗೆ ಇರುವ ಕೆಲಸ ಒಂದೇ: ಪಾಠ. ತೂಕ, ರೇಷನ್, ಬಾಣಂತಿಯರ ಪಟ್ಟಿ ಅವರ ತಲೆ ಮೇಲಿಲ್ಲ. ಮಗು ಅದೇ ಆವರಣದಲ್ಲಿ ಒಂದನೇ ತರಗತಿಗೆ ಹೋಗುತ್ತದೆ. ಮತ್ತೆ ಡೊನೇಷನ್ ಮಾತಿಲ್ಲ, ಹೊಸ ಜಾಗದ ಅಳುವಿಲ್ಲ. ಇಂಗ್ಲಿಷ್ ಬೇಕು ಎನ್ನುವವರಿಗೆ ಇಂಗ್ಲಿಷೂ ಕಿವಿಗೆ ಬೀಳುತ್ತದೆ. ನನ್ನ ಮಗಳು ಯುಕೆಜಿಗೆ ಹೋಗಲು ಒಪ್ಪಿದ್ದು ದೊಡ್ಡ ಮಕ್ಕಳ ಜೊತೆ ಸಾಲಿನಲ್ಲಿ ನಿಂತು ಪ್ರಾರ್ಥನೆ ಹೇಳುವ ಆಸೆಗೆ.

ತೊಡಕುಗಳೂ ಇವೆ. ಟೀಚರು ಸಾಮಾನ್ಯವಾಗಿ ಅತಿಥಿ ಶಿಕ್ಷಕಿ. ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ, ನೇಮಕ ಆಗುವುದು ತಡ. ನನ್ನ ಮಗಳ ಮೊದಲ ಮೂರು ವಾರ ಒಂದನೇ ತರಗತಿಯ ಮಕ್ಕಳ ಹಿಂದಿನ ಬೆಂಚಿನಲ್ಲಿ ಕಳೆದವು. ಶೌಚಾಲಯ ದೊಡ್ಡ ಮಕ್ಕಳ ಅಳತೆಯದು, ಚಿಲಕ ಎತ್ತರದಲ್ಲಿ. ಆಯಾ ಇದ್ದಾರೆಯೇ, ಮಗು ಒದ್ದೆ ಮಾಡಿಕೊಂಡರೆ ಯಾರು ನೋಡುತ್ತಾರೆ ಎಂದು ಮುಖ್ಯ ಶಿಕ್ಷಕರನ್ನು ನೇರವಾಗಿ ಕೇಳಿ. ಊಟದ ಬಗ್ಗೆಯೂ ಕೇಳಲೇಬೇಕು. ಮಧ್ಯಾಹ್ನದ ಬಿಸಿಯೂಟದ ಯೋಜನೆಯನ್ನು 2021ರಲ್ಲಿ ಕೇಂದ್ರ ಪರಿಷ್ಕರಿಸಿದಾಗ ಒಂದನೇ ತರಗತಿಗೆ ಮೊದಲಿನ ಬಾಲವಾಟಿಕೆ ಮಕ್ಕಳನ್ನೂ ಸೇರಿಸಿತು. ನಿಮ್ಮ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೂ ತಟ್ಟೆ ಇಡುತ್ತಾರಾ, ಹಾಲು ಕೊಡುತ್ತಾರಾ, ಖಾರ ಕಡಿಮೆ ಹಾಕುತ್ತಾರಾ? ಒಂದು ಮಧ್ಯಾಹ್ನ ಹೋಗಿ ನಿಂತರೆ ಗೊತ್ತಾಗುತ್ತದೆ.

ರಟ್ಟೆಯ ಪಟ್ಟಿ ಹಳದಿಯಲ್ಲಿರುವ ಮಗುವನ್ನು ಅವಸರಪಟ್ಟು ಅಂಗನವಾಡಿಯಿಂದ ಬಿಡಿಸಬೇಡಿ ಎನ್ನುವುದು ನನ್ನ ಸಲಹೆ. ಶಾಲೆಯಲ್ಲಿ ತಿಂಗಳು ತಿಂಗಳು ತೂಕ ನೋಡುವವರು ಇರುವುದಿಲ್ಲ.

ಕಾನ್ವೆಂಟು, ಆರ್‌ಟಿಇ ಸೀಟು

ಮಗನ ನರ್ಸರಿಗೆ ನಾವು ವರ್ಷಕ್ಕೆ 18 ಸಾವಿರ ಕಟ್ಟಿದೆವು. ಅದರ ಮೇಲೆ ವ್ಯಾನು, ಟೈ, ಬೆಲ್ಟು, ಎರಡು ಜೊತೆ ಶೂ, ಪುಸ್ತಕದ ಸೆಟ್ಟು. ಎರಡನೇ ಕಂತಿಗೆ ನನ್ನ ಓಲೆ ಸೇಟು ಅಂಗಡಿಗೆ ಹೋಯಿತು. ನಾನೂ ಅವರಪ್ಪನೂ ಓದಿದ್ದು ಏಳನೇ ಕ್ಲಾಸು. ಮಗ ಇಂಗ್ಲಿಷ್ ಮಾತಾಡಲಿ ಅಂತ ಆಸೆಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ, ಈಗಲೂ ಆ ಆಸೆ ಇದೆ. ಆದರೆ ಮೂರೂವರೆ ವರ್ಷದ ಮಗುವಿಗೆ ನಾಲ್ಕು ಗೆರೆ ಪುಸ್ತಕದಲ್ಲಿ ದಿನಾ ಎರಡು ಪುಟ ಹೋಂವರ್ಕ್. ರಾತ್ರಿ ಎಂಟೂವರೆಗೆ ನಾನು ಡ್ಯೂಟಿ ಮುಗಿಸಿ, ಅಡುಗೆ ಮುಗಿಸಿ ಅವನ ಕೈ ಹಿಡಿದು ‘ಎ’ ಬರೆಸಬೇಕು. ಪೆನ್ಸಿಲ್ ಒತ್ತಿ ಒತ್ತಿ ನಡುಬೆರಳ ಪಕ್ಕ ಕೆಂಪಗೆ ದಡ್ಡು ಬಂದಿತ್ತು. ಅಳುತ್ತಾ ನಿದ್ದೆಹೋಗುತ್ತಿದ್ದ. ಈ ವಯಸ್ಸಿನ ಮಕ್ಕಳಿಗೆ ಬರೆಯುವ ಪರೀಕ್ಷೆಯೂ ಬೇಡ, ಬಾಯಿಪರೀಕ್ಷೆಯೂ ಬೇಡ ಎಂದು ಕೇಂದ್ರದ ಪಠ್ಯಕ್ರಮ ರೂಪಿಸುವ ಎನ್‌ಸಿಇಆರ್‌ಟಿಯೇ ಹೇಳಿದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಶಾಲೆಯಲ್ಲಿ ಯಾರಿಗೆ ಹೇಳುತ್ತಿದ್ದೆನೋ.

ಒಳ್ಳೆಯದನ್ನೂ ಹೇಳಬೇಕು. ಗೇಟಿಗೆ ಬೀಗ ಇತ್ತು, ವ್ಯಾನು ಸಮಯಕ್ಕೆ ಬರುತ್ತಿತ್ತು, ಒಂದು ದಿನವೂ ಟೀಚರಿಲ್ಲ ಅಂತ ಮಗುವನ್ನು ವಾಪಸು ಕಳಿಸಲಿಲ್ಲ. ದುಡಿಯುವ ಅಮ್ಮಂದಿರು ಕಾನ್ವೆಂಟಿಗೆ ದುಡ್ಡು ಕೊಡುವುದು ಇಂಗ್ಲಿಷಿಗೆ ಎಷ್ಟೋ, ಈ ಭರವಸೆಗೂ ಅಷ್ಟೇ. ಸರ್ಕಾರದವರು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಶಾಲೆ ಬಿಡಿಸಲು ಹೋದಾಗ ಬಾಕಿ ಫೀಸು ಕಟ್ಟುವ ತನಕ ಟಿಸಿ ಕೊಡುವುದಿಲ್ಲ ಅಂದರು. ನಾನು ಎರಡು ತಿಂಗಳು ಅಲೆದೆ. ಆಮೇಲೆ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ ಹೇಳಿದರು: “ಒಂದನೇ ಕ್ಲಾಸಿಗೆ ಜನನ ಪ್ರಮಾಣಪತ್ರ ಸಾಕಮ್ಮ, ನರ್ಸರಿ ಟಿಸಿ ಯಾಕೆ ಬೇಕು?” ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೂ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಇದೊಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ನನ್ನ ಎರಡು ತಿಂಗಳ ಹಾಜರಿ ಬೋನಸ್ ಉಳಿಯುತ್ತಿತ್ತು.

ಇನ್ನು ‘ಆರ್‌ಟಿಇ ಸೀಟು’. ಖಾಸಗಿ ಶಾಲೆಗಳಲ್ಲಿ ಶೇ. 25ರಷ್ಟು ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತ ಎಂಬುದು ಅದೇ ಕಾಯ್ದೆಯ 12ನೇ ಸೆಕ್ಷನ್. ಶಾಲೆ ಎಲ್‌ಕೆಜಿಯಿಂದ ಶುರುವಾದರೆ ಸೀಟೂ ಎಲ್‌ಕೆಜಿಯಿಂದಲೇ. ಕರ್ನಾಟಕದಲ್ಲಿ 2012ರಿಂದ ಬಹಳ ಮಕ್ಕಳು ಹೀಗೆ ಓದಿದರು. ಆದರೆ 2019ರ ಹೊತ್ತಿಗೆ ರಾಜ್ಯ ತನ್ನ ನಿಯಮ ಬದಲಿಸಿತು: ಆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಈ ಬದಲಾವಣೆಯನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಸೀಟು ಬಹಳ ಕಡಿಮೆ. ಅಕ್ಕನ ಮಗಳಿಗೆ 2016ರಲ್ಲಿ ಸಿಕ್ಕಿತ್ತು ಅಂತ ನಂಬಿಕೊಂಡು ಕೂರಬೇಡಿ. ಅರ್ಜಿ ಹಾಕಿ ನೋಡಬಹುದು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ತಯಾರಿಟ್ಟುಕೊಳ್ಳಿ. ಆದರೆ ಸೀಟು ಸಿಗುವ ತನಕ ಮಗು ಮನೆಯಲ್ಲಿ ಟಿವಿ ಮುಂದೆ ಕೂರುವಂತಾಗಬಾರದು.

ಸ್ವಂತ ದುಡ್ಡು ಕಟ್ಟಿಯೇ ಸೇರಿಸುತ್ತೇವೆ ಎನ್ನುವವರು ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ಸಂಖ್ಯೆ) ಕೇಳಿ. ಒಂದನೇ ತರಗತಿಗೆ ಅನುಮತಿ ಇದೆಯೇ, ಯಾವ ಪಠ್ಯಕ್ರಮಕ್ಕೆ ಇದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಬೋರ್ಡಿನ ಮೇಲೆ ಬರೆದಿರುವುದೂ ಅನುಮತಿ ಪತ್ರದಲ್ಲಿ ಇರುವುದೂ ಬೇರೆ ಬೇರೆ ಇರುವ ಶಾಲೆಗಳಿವೆ.

ಕೆಲಸದ ಹೊತ್ತು ಮತ್ತು ಮಗುವಿನ ಹೊತ್ತು

ಅಂಗನವಾಡಿ ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತೂವರೆಗೆ ತೆಗೆದು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ನಮ್ಮ ಫ್ಯಾಕ್ಟರಿ ಗೇಟು ಒಂಬತ್ತಕ್ಕೆ ಮುಚ್ಚಿ ಐದೂವರೆಗೆ ತೆಗೆಯುತ್ತದೆ. ಬೆಳಗಿನ ಅರ್ಧ ಗಂಟೆ, ಸಂಜೆಯ ಒಂದೂವರೆ ಗಂಟೆ ಮಗು ಎಲ್ಲಿರಬೇಕು? ಎಷ್ಟೋ ಹೆಣ್ಣುಮಕ್ಕಳು ಕೆಲಸ ಬಿಡುವುದೂ ನನ್ನ ಹಾಗೆ ಮಗುವನ್ನು ಊರಿಗೆ ಕಳಿಸುವುದೂ ಈ ಎರಡು ಗಂಟೆಯ ಕಾರಣಕ್ಕೆ. ನಾನು ಎರಡು ವರ್ಷ ಮಗಳನ್ನು ತಿಂಗಳಿಗೊಮ್ಮೆ ನೋಡಿದೆ. ಅಂಗನವಾಡಿ ಎಷ್ಟೇ ಚೆನ್ನಾಗಿದ್ದರೂ ಆ ಲೆಕ್ಕ ಸರಿಹೋಗಲಿಲ್ಲ.

ಫ್ಯಾಕ್ಟರಿಯ ಕ್ರೆಷ್, ಅಂದರೆ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯ ಬಗ್ಗೆ ಕೇಳಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಷ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಸೇರಿಸಿದರು. ಕ್ರೆಷ್ ಚೆನ್ನಾಗಿದ್ದರೆ ಮೂರು ವರ್ಷದವರೆಗೆ ಅದು ಒಳ್ಳೆಯ ಆಸರೆ. ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023-24ರಲ್ಲಿ ‘ಕೂಸಿನ ಮನೆ’ ಶುರುವಾಯಿತು, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಕೂಸು ಅಲ್ಲಿ, ಅದರ ಅಕ್ಕ ಅಂಗನವಾಡಿಯಲ್ಲಿ ಅಂತಾದರೆ ತಾಯಿ ನೆಮ್ಮದಿಯಾಗಿ ಕೆಲಸಕ್ಕೆ ಹೋಗಬಹುದು.

ಒಂದು ಬೆಳಿಗ್ಗೆ ಕೂತು ನೋಡಿ

ಯಾವುದನ್ನು ಆರಿಸುವ ಮೊದಲೂ ಒಂದು ರಜೆ ಹಾಕಿ, ಹತ್ತು ಗಂಟೆಗೆ ಹೇಳದೆ ಕೇಳದೆ ಹೋಗಿ. ಬಾಗಿಲು ತೆಗೆದಿದೆಯಾ? ಹಾಜರಿ ಪುಸ್ತಕದಲ್ಲಿರುವ ಮಕ್ಕಳಲ್ಲಿ ಎಷ್ಟು ಜನ ಎದುರಿಗೆ ಕೂತಿದ್ದಾರೆ? ದೊಡ್ಡವರೊಬ್ಬರಿಗೆ ಎಷ್ಟು ಮಕ್ಕಳು ಎಂದು ಎಣಿಸಿ. ಮೂರರಿಂದ ಆರು ವರ್ಷದವರಿಗೆ 20ಕ್ಕೆ ಒಬ್ಬರು ಎಂದು 2013ರ ರಾಷ್ಟ್ರೀಯ ನೀತಿ ಹೇಳುತ್ತದೆ, ನಲವತ್ತು ಮಕ್ಕಳನ್ನು ಒಬ್ಬರೇ ನೋಡುತ್ತಿದ್ದರೆ ಅದು ಕಾನ್ವೆಂಟಾದರೂ ದೂರವಿರಿ. ಮಕ್ಕಳು ಮಾತಾಡುತ್ತಿದ್ದಾರಾ, ಬಾಯಿ ಮೇಲೆ ಬೆರಳಿಟ್ಟು ಕೂತಿದ್ದಾರಾ ನೋಡಿ. ನಾನಂತೂ ಇದನ್ನೇ ಮೊದಲು ನೋಡುತ್ತೇನೆ. ಮನೆಯಲ್ಲಿ ಆಡುವ ಮಾತಿನಲ್ಲಿ ಮಗು ಪ್ರಶ್ನೆ ಕೇಳಿದರೆ ಟೀಚರಿಗೆ ಅರ್ಥವಾಗುತ್ತದೆಯೇ? ಉರ್ದು, ತೆಲುಗು, ಲಂಬಾಣಿ ಮನೆಮಾತಿನವರು ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಒಂದೆರಡು ತಿಂಗಳು ಮಾತಿಲ್ಲದೆ ಕೂತ ಮಗು ಅಲ್ಲಿಗೆ ಹೋಗುವುದಿಲ್ಲ ಅಂತ ಹಠ ಹಿಡಿಯುತ್ತದೆ.

ಅಡುಗೆ ಕೋಣೆಗೆ ಇಣುಕಿ. ಬೇಳೆಯಲ್ಲಿ ಹುಳ ಇದೆಯಾ, ಕುಡಿಯುವ ನೀರಿನ ಕ್ಯಾನಿಗೆ ಮುಚ್ಚಳ ಇದೆಯಾ. ಆಟದ ಸಾಮಾನು ಬೀರುವಿನೊಳಗೆ ಬೀಗ ಹಾಕಿಕೊಂಡಿದ್ದರೆ “ಮಕ್ಕಳಿಗೆ ಯಾವಾಗ ಕೊಡ್ತೀರಿ ಮೇಡಂ?” ಅಂತ ಕೇಳಿ. ಒರಟಾಗಿ ಕೇಳಬೇಡಿ. ಅಂಗನವಾಡಿ ಟೀಚರೂ ಕಡಿಮೆ ಗೌರವಧನಕ್ಕೆ ದುಡಿಯುವ ಹೆಣ್ಣುಮಗಳೇ. ಅವರಿಗೆ ಗ್ರಾಚ್ಯುಟಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದಿದ್ದು 2022ರಲ್ಲಿ, ಯೋಜನೆ ಶುರುವಾಗಿ 47 ವರ್ಷದ ಮೇಲೆ. ದೂರು ಕೊಡುವ ಮೊದಲು ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಗೆ ಹೋಗಿ ಕೂತುಕೊಳ್ಳಿ. ಅದರಲ್ಲಿ ತಾಯಂದಿರಿಗೆ ಜಾಗ ಇದೆ. ನಮ್ಮೂರಿನಲ್ಲಿ ಅತ್ತೆ ಎರಡು ಸಭೆಗೆ ಹೋದ ಮೇಲೆ ಮೊಟ್ಟೆ ಸಣ್ಣದು ಬರುವುದು ನಿಂತಿತು.

ಊರಿಂದೂರಿಗೆ ಹೋಗುವ ಕೂಲಿಯವರು, ಕಟ್ಟಡ ಕೆಲಸದವರು ಗಮನಿಸಿ: ಮಗುವಿನ ಹೆಸರು ಒಂದು ಕಡೆ ಬರೆಸಿದ್ದರೆ ಹೊಸ ಊರಿನ ಅಂಗನವಾಡಿಗೆ ವರ್ಗ ಮಾಡಿಸಿಕೊಳ್ಳಬಹುದು, ಪೋಷಣ್ ಟ್ರ್ಯಾಕರ್‌ನಲ್ಲಿ ಆ ಸೌಲಭ್ಯ ಇದೆ. ತಾಯಿಯ ಆಧಾರ್, ತಾಯಿ ಕಾರ್ಡು, ಮಗುವಿನ ಜನನ ಪ್ರಮಾಣಪತ್ರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗಿಟ್ಟುಕೊಳ್ಳಿ. ಜೂನ್‌ವರೆಗೆ ಕಾಯಬೇಕಿಲ್ಲ. ಶಾಲೆಯ ಹಾಗೆ ಅಂಗನವಾಡಿಗೆ ಪ್ರವೇಶದ ತಿಂಗಳು ಅಂತ ಇಲ್ಲ, ಮಗುವಿಗೆ ಮೂರು ತುಂಬಿದ ಮರುದಿನವೇ ಕೈ ಹಿಡಿದು ಕರೆದುಕೊಂಡು ಹೋಗಿ. ಮೊದಲ ವಾರ ಅಳುತ್ತದೆ. ನನ್ನ ಮಗಳು ಐದು ದಿನ ಅತ್ತಳು. ಆರನೇ ದಿನ ಅಜ್ಜಿಗಿಂತ ಮುಂದೆ ಓಡಿ ಚಾಪೆಯ ಮೇಲೆ ತನ್ನ ಜಾಗ ಹಿಡಿದಳಂತೆ.